ಮಂದೆಯೊಳಗೆ ಒಂದಾಳುದ್ದ ಜಾಗ

ಜಗಳೂರು ಬಿಟ್ಟ ಐದನೆಯ ಸಂಜೆ, ನ್ಯಾಮತಿ ದಾಟಿ ಗುಡ್ಡದ ದಾರಿ ಹಿಡಿದ ಮೇಲೆ, ಸ್ವಾತಿ ಮಳೆ ಶುರುವಾಯಿತು. ಅಲ್ಲಿಯವರೆಗೆ ಎಳೆ ಬಿಸಿಲಿತ್ತು. ಬಿಳಿಚೋಡಿನ ಆಚೆ ಕಲ್ಲುಗುಡ್ಡದ ಬುಡದಲ್ಲಿ ಒಂದು ರಾತ್ರಿ, ಚನ್ನಗಿರಿ ಕಡೆಯ ಕುರುಚಲು ಕಾಡಿನ ಅಂಚಿನಲ್ಲಿ ಎರಡು ರಾತ್ರಿ, ಹೊನ್ನಾಳಿಯ ಹೊಳೆದಂಡೆಯಲ್ಲಿ ಒಂದು ರಾತ್ರಿ ಟೆಂಟು ಹೊಡೆದುಕೊಂಡು ಗಂಗೋತ್ರಿ, ಕಲ್ಪನಾ ಇಬ್ಬರೂ ಬಂದಿದ್ದರು. ದಾವಣಗೆರೆಯಲ್ಲಿ ಒಟ್ಟಿಗೆ ಎಂ.ಎ. ಓದಿದವರು. ದೀಪಾವಳಿಗೆ ಇನ್ನೂ ವಾರವಿತ್ತು. ನೋಡಿದವರಿಗೆ ಇದು ರಜೆಯ ಸುತ್ತಾಟ. ಕಾರು ಚನ್ನಗಿರಿಯ ಕಲ್ಪನಾಳದು. ದಾರಿ ಮಾತ್ರ ಗಂಗೋತ್ರಿಯದು.

ಹನ್ನೊಂದು ವರ್ಷದ ಹಿಂದೆ ಇದೇ ದಾರಿಯಲ್ಲಿ ಅವಳ ಅಪ್ಪ ಆಂಜನೇಯ ಕುರಿ ಹೊಡೆದುಕೊಂಡು ಬಂದಿದ್ದ. ದಿನಾ ಸಂಜೆ ತನ್ನೂರು ಸೊಕ್ಕೆಗೆ ಫೋನು ಮಾಡಿ, ಇವತ್ತು ಇಂಥ ಕಡೆ ಮಂದೆ ನಿಲ್ಲಿಸಿದ್ದೇವೆ ಎನ್ನುತ್ತಿದ್ದ. ಅಮ್ಮ ಲಕ್ಷ್ಮಿದೇವಿ ಆ ಊರುಗಳ ಹೆಸರನ್ನೆಲ್ಲ ನೆನಪಿಟ್ಟಿದ್ದಳು. ಆಮೇಲೆ ಒಂದು ದಿನ ದೊಡ್ಡಪ್ಪ ಯರ್ರಿಸ್ವಾಮಿ ಒಬ್ಬನೇ ಊರಿಗೆ ಬಂದು, ತಮ್ಮ ಹೊನ್ನಾಳಿ ಹೊಳೆಯಲ್ಲಿ ಕೊಚ್ಚಿಹೋದ ಅಂದ. ಹೆಣ ಸಿಗಲಿಲ್ಲ. "ಹೊಳೆ ದಾಟಿ ಮೂರು ದಿನ ಆದ ಮೇಲೆ ನನ್ನ ಹತ್ರ ಮಾತಾಡಿದ್ನಲ್ಲ" ಅಂದಳು ಅಮ್ಮ. ನಿನಗೆ ದಿನ ತಪ್ಪಿದೆ ಅಂದ ದೊಡ್ಡಪ್ಪ. ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಹಣೆಯ ಕುಂಕುಮವನ್ನೂ ಅಳಿಸಲಿಲ್ಲ. ಆ ಎರಡು ಮೌನಗಳ ನಡುವೆ ಗಂಗೋತ್ರಿ ಬೆಳೆದಳು. ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ: ಅಪ್ಪ ಎಲ್ಲಿದ್ದಾನೆ, ಮಣ್ಣಲ್ಲಿದ್ದರೆ ಯಾವ ಮಣ್ಣಲ್ಲಿ? ಒಂದು ಹಿಡಿ ಮೂಳೆಯಾದರೂ ಅಮ್ಮನ ಕೈಗೆ ತಂದು ಕೊಡಬೇಕಿತ್ತು.

ಅದನ್ನು ಹೇಳಬಲ್ಲವನು ಒಬ್ಬನೇ ಉಳಿದಿದ್ದ. ಆ ಸಲ ಅಣ್ಣತಮ್ಮಂದಿರ ಜೊತೆ ಬಂದಿದ್ದ ಉಚ್ಚಂಗೆಪ್ಪ. ಯರ್ರಿಸ್ವಾಮಿ ಸತ್ತ ಮೇಲೆ ಆ ಮಂದೆಯನ್ನು ಅವನೇ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನ ಗುಡ್ಡದ ಇಳಿಜಾರಿನಲ್ಲಿ ಅವನ ಮಂದೆ ಸಿಕ್ಕಿದಾಗ ಗಂಗೋತ್ರಿ ಕಾರಿಳಿದು, "ನಾನು ಸೊಕ್ಕೆ ಆಂಜನೇಯನ ಮಗಳು, ಅಜ್ಜ" ಅಂದಳು. ಮುದುಕ ಅವಳ ಮುಖವನ್ನೇ ನೋಡಿದ. ಚಹಾ ಕುಡಿಸಿದ. ಕತ್ತಲಾಗುವ ಮುಂಚೆ ಕುರಿಗಳನ್ನು ಒಟ್ಟು ಮಾಡಿ ಸುತ್ತಲೂ ಬಲೆ ಕಟ್ಟಿದ. ಗೆಳತಿಯರು ಆ ಬಲೆಯ ಪಕ್ಕದಲ್ಲೇ ಟೆಂಟು ಹೊಡೆದರು. ಗೂಟ ಹೊಡೆದು ಮುಗಿಯುವುದಕ್ಕೂ ಮಳೆ ಬರುವುದಕ್ಕೂ ಸರಿಹೋಯಿತು.

"ಒಳಗೆ ಬರ್ರವ್ವಾ! ಆ ಕೊಡೆಯಂಥಾ ಮನಿ ನೆಚ್ಚಿಕಂಡು ಕುಂತೀರಲ್ಲ" ಎಂದು ಉಚ್ಚಂಗೆಪ್ಪನ ಹೆಂಡತಿ ಕಲ್ಲಮ್ಮ ತಾಡಪಾಲಿನ ಕೆಳಗಿಂದ ಕೂಗಿದಳು.

"ಅದು ವಾಟರ್‌ಪ್ರೂಫ್ ಕಣಮ್ಮಾ" ಅಂದಳು ಕಲ್ಪನಾ, ತಲೆ ಮೇಲೆ ಚೀಲ ಹಿಡಿದು ಓಡಿ ಬರುತ್ತಾ.

"ಯಾವ ಪ್ರೂಫೋ ಏನೋ. ನಮ್ಮ ಟಗರು ಒಂದ್ಸಲ ಸೀನಿದ್ರೆ ಹಾರಿ ನ್ಯಾಮತಿ ಬಸ್‌ಸ್ಟ್ಯಾಂಡಿಗೆ ಬೀಳತೈತೆ."

ನಗು ಬಂತು. ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ತಾಡಪಾಲಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಬಿಸಿ ರೊಟ್ಟಿ ಮುರಿಯುತ್ತಾ ಕಲ್ಪನಾ, "ಅಜ್ಜಾ, ಈ ಗುಡ್ಡದಾಗೆ ದೆವ್ವ ಗಿವ್ವ ಇಲ್ವಾ? ಇಂಥಾ ಮಳೆಗೆ ಒಂದು ಕತೆ ಬೇಕು" ಅಂದಳು.

ಕಲ್ಲಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಉಚ್ಚಂಗೆಪ್ಪ ಕಂಬಳಿಯನ್ನು ಎಳೆದು ಹೊದ್ದುಕೊಂಡ. ಅವನು ನೋಡಿದ್ದು ಕಲ್ಪನಾಳನ್ನಲ್ಲ.

"ಕತೆ ಅಂತ ಕೇಳ್ತೀಯೋ, ಸಾಕ್ಷಿ ಅಂತ ಕೇಳ್ತೀಯೋ, ಅದು ನಿಂಗೆ ಬಿಟ್ಟಿದ್ದು, ಗಂಗವ್ವ. ಕೇಳಂಗಿದ್ರೆ ಪೂರಾ ಕೇಳಬೇಕು. ನಡುವೆ ಎದ್ದು ಹೋಗಬಾರ್ದು. ಹನ್ನೊಂದು ವರ್ಷದಿಂದ ಬಾಯಾಗೆ ಮಣ್ಣು ತುಂಬ್ಕಂಡು ಕುಂತೀನಿ ನಾನು...

"ಮೂರು ಜನ ಹೊಂಟಿದ್ವಿ ಆ ಸಲ. ನಿಮ್ಮ ದೊಡ್ಡಪ್ಪ, ನಿಮ್ಮಪ್ಪ, ನಾನು. ಮುನ್ನೂರು ಕುರಿ, ಎರಡು ನಾಯಿ. ದಾರಿ ಉದ್ದಕ್ಕೂ ಅಣ್ಣತಮ್ಮ ಮಾತಾಡಲಿಲ್ಲ. ಯಾಕೆ ಗೊತ್ತಾ? ಹೊರಡೋ ದಿನಾನೇ ಆಂಜನೇಯ ಹೇಳಿಬಿಟ್ಟಿದ್ದ: 'ಅಣ್ಣಾ, ನಂಗೆ ಇದೇ ಕಡೇ ಸಲ. ಮಗಳು ಚೆಂದಾಗಿ ಓದ್ತಾಳೆ. ಅವಳನ್ನ ದೊಡ್ಡ ಸ್ಕೂಲಿಗೆ ಹಾಕಬೇಕು. ನನ್ನ ಪಾಲು ಕೊಟ್ಟುಬಿಡು, ಊರಾಗೇ ಮೇಯಿಸ್ಕಂಡು ಇರ್ತೀನಿ.' ಯರ್ರಿಸ್ವಾಮಿಗೆ ಮಕ್ಕಳಿಲ್ಲ. ಮಂದೇನೇ ಅವನಿಗೆ ಮಕ್ಕಳು, ಮನೆ, ಮರ್ಯಾದೆ ಎಲ್ಲಾ. ಬಿಳಿಚೋಡು ದಾಟಾ ತನಕ ಸುಮ್ನಿದ್ದ. ಚನ್ನಗಿರಿ ಹತ್ರ ಒಂದ್ಸಲ ಉಗುಳಿ, 'ಒಂದು ಹೆಣ್ಣು ಹುಡುಗಿ ಸಲುವಾಗಿ ಮಂದೆ ಒಡೀತಾನಂತೆ' ಅಂದ. ಅಷ್ಟೇ. ಹೊನ್ನಾಳಿ ಸೇತುವೆ ದಾಟಿದ್ವಿ, ಮೂರೂ ಜನ ದಾಟಿದ್ವಿ ಅವ್ವ, ಒಂದು ಮರಿ ಸೈತ ನೀರಿಗೆ ಬೀಳಲಿಲ್ಲ... ನಿಮ್ಮವ್ವಗೆ ದಿನ ತಪ್ಪಿರಲಿಲ್ಲ."

ಗಂಗೋತ್ರಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ತಣ್ಣಗಾಯಿತು.

"ಈ ಗುಡ್ಡಕ್ಕೆ ಬಂದ ದಿನ ಯರ್ರಿಸ್ವಾಮಿ ತಾನಾಗೇ ಅಂದ: 'ಆತು, ಪಾಲು ಮಾಡೋಣ.' ನಮ್ಮ ಹಟ್ಟಿಯೋರು ಮಂದೇನ ಎಣಿಸಿ ಪಾಲು ಮಾಡಲ್ಲ. ಅಣ್ಣತಮ್ಮ ಇಬ್ರೂ ಮಂದೆ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಒಬ್ಬ ಮೂಡಲಕ್ಕೆ, ಒಬ್ಬ ಪಡುವಲಕ್ಕೆ, ಕೂಗ್ತಾ ನೂರು ಹೆಜ್ಜೆ ನಡೀಬೇಕು. ಹಿಂದಕ್ಕೆ ತಿರುಗಿ ನೋಡಂಗಿಲ್ಲ. ಯಾರ ಹಿಂದೆ ಯಾವ ಕುರಿ ಹೋದ್ವೋ ಅವು ಅವರವು. ಯಾವಾಗ್ಲೂ ಹೆಚ್ಚುಕಮ್ಮಿ ಅರ್ಧರ್ಧ ಆಗತಿತ್ತು, ನಾನು ಕಂಡಂಗೆ...

"ಆಂಜನೇಯನ ಕೂಗು ಹೆಂಗಿತ್ತು ಅಂತೀಯ? ನಾಲಿಗೆ ಮಡಚಿ ಅಂಗುಳಕ್ಕೆ ಹಚ್ಚಿ, ಪಾರಿವಾಳ ಗುಟುರು ಹಾಕಿದಂಗೆ. ಜೋರಾಗಿ ಕೂಗ್ತಾನೇ ಇರಲಿಲ್ಲ. ಯರ್ರಿಸ್ವಾಮಿದು ದೊಡ್ಡ ಗಂಟಲು, ಗುಡ್ಡ ಗುಡ್ಡಕ್ಕೆ ಬಡೀತಿತ್ತು. ಇಬ್ರೂ ನಡೆದ್ರು. ನಾನು ಬಂಡೆ ಮ್ಯಾಲೆ ನಿಂತು ನೋಡ್ತಿದ್ದೆ. ಮೊದಲು ಒಂದು ಕುರಿ ತಲೆ ಎತ್ತಿತು, ಆಮ್ಯಾಲೆ ಹತ್ತು, ಆಮ್ಯಾಲೆ... ಅಷ್ಟೂ, ಮುನ್ನೂರಕ್ಕೆ ಮುನ್ನೂರೂ ತಮ್ಮನ ಹಿಂದೆ ಹೋದ್ವು. ನಾಯಿಗಳೂ ಹೋದ್ವು. ಅಣ್ಣ ನೂರು ಹೆಜ್ಜೆ ಮುಗಿಸಿ ತಿರುಗಿದ. ಅವನ ಹಿಂದೆ ಹುಲ್ಲು. ಬರೀ ಹುಲ್ಲು.

"ಅವಾಗಾದ್ರೂ ತಮ್ಮ ಸುಮ್ನಿರಬೇಕಿತ್ತು. ಓಡಿ ಬಂದು ಅಣ್ಣನ ಕೈ ಹಿಡ್ಕಂಡು, 'ಅಣ್ಣಾ, ಅರ್ಧ ನೀನೇ ಇಟ್ಕೋ, ಬೇಜಾರು ಮಾಡ್ಕಬ್ಯಾಡ' ಅಂದ. ಒಳ್ಳೆ ಮನಸ್ಸಿಂದ್ಲೇ ಅಂದ. ಆದ್ರೆ ಮೂವತ್ತು ವರ್ಷ ಮಂದೆ ಮುಂದೆ ನಡೆದೋನಿಗೆ ಭಿಕ್ಷೆ ಹಾಕಿದಂಗಾತು ಅದು. ಯರ್ರಿಸ್ವಾಮಿ ನಕ್ಕ. ಆ ನಗು ನೋಡಿ ನಾನು ನೀರಿನ ಕೊಡ ಎತ್ಕಂಡು ಅಲ್ಲಿಂದ ಸರಿದೆ...

"ಹಗಲು ಎರಡು ಗಂಟೆ. ದೆವ್ವದ ಕತೆ ಅಂದ್ರೆ ರಾತ್ರಿ ಅಂತ ತಿಳ್ಕಂಡೀರೇನು? ಬಿಸಿಲು ಫಳಫಳ ಅಂತಿತ್ತು. ಆಂಜನೇಯ ಆ ಮತ್ತಿ ಮರದ ಬುಡದಾಗೆ ಕುಂತು ನಿಮ್ಮವ್ವಗೆ ಫೋನ್ ಮಾಡಿ ಎಲ್ಲಾ ಹೇಳಿದ, ಖುಷಿಯಾಗಿ. ಫೋನ್ ಜೇಬಿಗಿಟ್ಕಂಡು ಒಂದು ಮರಿ ಕಾಲಿನ ಮುಳ್ಳು ತೆಗೀತಿದ್ದ. ಯರ್ರಿಸ್ವಾಮಿ ಹಿಂದಿಂದ ಬಂದ. ಕೈಯಾಗೆ ಸೊಪ್ಪು ಕಡಿಯೋ ಉದ್ದನೆ ಕೋಲು, ತುದಿಗೆ ಕುಡುಗೋಲು ಕಟ್ಟಿರ್ತೀವಲ್ಲ, ಅದು. ಸೊಪ್ಪು ಎಳೆಯೋ ಹಂಗೇ ಹೆಗಲಿಗೆ ಹಾಕಿ ಎಳೆದ. ತೋಳು ಅರ್ಧ ಬಿಟ್ಟುಕಂತು. ನಿಮ್ಮಪ್ಪ ತಿರುಗಿ ನೋಡಿ 'ಅಣ್ಣಾ' ಅಂದ. ಬೈಲಿಲ್ಲ ಅವ್ವ, ಕೂಗಲಿಲ್ಲ, ಏನೋ ಕೈ ತಪ್ಪಿ ಆಗಿರಬೇಕು ಅನ್ನೋ ಹಂಗೆ 'ಅಣ್ಣಾ' ಅಂದ. ಎರಡನೇದು ಕುತ್ತಿಗೆಗೆ ಬಿತ್ತು. ಮೂರನೇದು, ನಾಲ್ಕನೇದು... ಆಮ್ಯಾಲೆ ಕೋಲು ಮುರೀತು. ಮುರಿದ ಕೋಲಲ್ಲೇ ಬಡಿದ. ಮರಿ ತೊಡೆ ಮ್ಯಾಲೇ ಇತ್ತು, ಬಿಳೀ ಮರಿ, ಪೂರಾ ಕೆಂಪಾತು.

"ನಾನೆಲ್ಲಿದ್ದೆ ಅಂತ ಕೇಳು. ಕೇಳವ್ವ. ಇಪ್ಪತ್ತು ಹೆಜ್ಜೆ ದೂರದಾಗಿದ್ದೆ, ನೀರಿನ ಕೊಡ ಹಿಡ್ಕಂಡು. ಓಡಲಿಲ್ಲ. ಬಿಡಿಸಲಿಲ್ಲ. ಕೊಡದಾಗಿನ ನೀರು ಒಂದು ಹನಿ ತುಳುಕಲಿಲ್ಲ ಅಂದ್ರೆ ನಂಬ್ತೀಯಾ? ಯರ್ರಿಸ್ವಾಮಿ ನನ್ನ ಕಡೆ ತಿರುಗಿ, 'ಬಾ, ಕಾಲು ಹಿಡಿ' ಅಂದ. ಹಿಡಿದೆ. ಈ ಕೈಲೇ ಹಿಡಿದೆ."

ಅವನು ಎರಡೂ ಕೈಗಳನ್ನು ಒಲೆಯ ಬೆಳಕಿಗೆ ಚಾಚಿ ತೋರಿಸಿದ. ಕಲ್ಪನಾ ಗೆಳತಿಯ ಮೊಣಕೈ ಹಿಡಿದು ಏಳಿಸಲು ನೋಡಿದಳು. ಗಂಗೋತ್ರಿ ಏಳಲಿಲ್ಲ.

"ಮುಂದೆ ಹೇಳು" ಅಂದಳು. ತನ್ನ ದನಿ ಅಷ್ಟು ಶಾಂತವಾಗಿ ಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು.

"ಕಂಬಳಿ ಸುತ್ತಿ ಅದೇ ಮರದ ಬುಡದಾಗೆ ಹೂತ್ವಿ. ಕಲ್ಲು ನೆಲ, ಸೊಂಟದುದ್ದ ಸೈತ ಅಗೆಯಾಕೆ ಆಗಲಿಲ್ಲ. ಹೊಸ ಮಣ್ಣು ಕಂಡ್ರೆ ಯಾರಾದ್ರೂ ಕೇಳ್ತಾರೆ, ನರಿ ಕೆದಕ್ತಾವೆ. ಅದಕ್ಕೆ ಕುರಿಗಾರರು ಏನು ಮಾಡಬೇಕು? ಅದರ ಮ್ಯಾಲೆ ಮಂದೆ ನಿಲ್ಲಿಸಬೇಕು. ಒಂದು ರಾತ್ರಿ ಮುನ್ನೂರು ಕುರಿ ತುಳಿದು ಹಿಕ್ಕೆ ಹಾಕಿದ್ರೆ ಮುಗೀತು, ಯಾವ ಪೊಲೀಸಿಗೂ ಗುರ್ತು ಹತ್ತಲ್ಲ. ಹಂಗಂತ ನಾವಿಬ್ರೂ ತಿಳ್ಕಂಡ್ವಿ. ಅದೇ ತಪ್ಪಾಗಿದ್ದು. ಬೇರೆ ಯಾರ ಕುರಿ ಆಗಿದ್ರೂ ತುಳೀತಿದ್ವೇನೋ. ಅವು ಅವನವು. ಅವತ್ತೇ ಮಧ್ಯಾಹ್ನ ಅವನನ್ನ ಆರಿಸ್ಕಂಡು ಹಿಂದೆ ಬಂದಿದ್ವು...

"ಬಲೆ ಕಟ್ಟಿದ್ವಿ. ಕುರಿ ಮಲಗಿದ್ವು. ಮರದ ಬುಡದಾಗೆ ಒಂದು ಆಳು ಮಲಗೋವಷ್ಟು ಜಾಗ ಬಿಟ್ಟು ಮಲಗಿದ್ವು. ತಲೆ ಕಡೆ ದುಂಡಗೆ, ಕಾಲು ಕಡೆ ಸಣ್ಣಗೆ, ಅಳತೆ ಹಿಡಿದಂಗೆ. ಯರ್ರಿಸ್ವಾಮಿ ಕೋಲು ತಗಂಡು ಬಡಿದು ಬಡಿದು ಅಲ್ಲಿಗೆ ನೂಕಿದ. ಸತ್ರೂ ಅಲ್ಲಿ ಕಾಲಿಡಲಿಲ್ಲ. ಅಷ್ಟೊತ್ತಿಗೆ... ಮಣ್ಣೊಳಗಿಂದ ಫೋನು ಬಡ್ಕಂತು."

ಗಂಗೋತ್ರಿ ಕಣ್ಣು ಮುಚ್ಚಿದಳು. ಅವತ್ತು ಸಂಜೆ ಆ ನಂಬರು ಒತ್ತಿದ್ದು ಅವಳೇ. ಅಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ರಿಂಗಾಗುತ್ತಿದೆ, ಎತ್ತುತ್ತಿಲ್ಲ ಎಂದು ಹನ್ನೆರಡು ವರ್ಷದ ಹುಡುಗಿ ಏಳು ಸಲ ಒತ್ತಿದ್ದಳು.

"ಏಳು ಸಲ" ಅಂದ ಉಚ್ಚಂಗೆಪ್ಪ. "ಕುರಿಗಳು ಆ ಸದ್ದಿನ ಕಡೆ ಮುಖ ಮಾಡ್ಕಂಡು ನಿಂತಿದ್ವು, ಮುನ್ನೂರೂ. ಮಾರನೇ ದಿನ ನಿಮ್ಮವ್ವ ನನ್ನ ಫೋನಿಗೆ ಮಾಡಿದ್ಲು. 'ಕುರಿ ಹಿಂದೆ ಹೋಗ್ಯಾನೆ ತಂಗಿ, ಬರ್ತಾನೆ' ಅಂದೆ ನಾನು.

"ಬೆಳಗ್ಗೆ ಎದ್ದು ಮಂದೆ ಹೊಡ್ಕಂಡು ಹೊಂಟ್ವಿ. ಬಿಟ್ಟು ಬಂದ್ವಿ ಅಂದ್ಕಂಡಿದ್ವಿ. ಸಂಜೆ ಬೇರೆ ಗುಡ್ಡದಾಗೆ ಬಲೆ ಕಟ್ಟಿದ್ವಿ... ಮಂದೆ ನಡುವೆ ಅದೇ ಜಾಗ. ಅದೇ ಅಳತೆ. ಅಲ್ಲಿ ಹೆಣ ಇಲ್ಲ, ಗುಂಡಿ ಇಲ್ಲ, ಬರೀ ಹುಲ್ಲು ನೆಲ. ಅದರ ಮಾರನೇ ದಿನಾನೂ ಅದೇ. ಹೋದ ಹೋದಲ್ಲಿ ಜೊತೆಗೆ ಬಂತು ಅದು. ನಾವು ನಿಂತಲ್ಲಿ ನಿಂತು, ಮಲಗಿದಲ್ಲಿ ಮಲಗಿ.

"ಯರ್ರಿಸ್ವಾಮಿ ಹೆದರೋನಲ್ಲ. ಒಂದು ರಾತ್ರಿ ಕಂಬಳಿ ತಗಂಡು ಹೋಗಿ, 'ತಮ್ಮನ ಜಾಗ ಅಂದ್ರೆ ನಂದೇ' ಅಂತ ಅಲ್ಲೇ ಉರುಳ್ಕಂಡ. ನಿದ್ದೆ ಹತ್ತಿರಲಿಲ್ಲ, ಹಂದಿ ಕುಯ್ದಂಗೆ ಕಿರುಚಿದ. ಎಳ್ಕಂಡು ಬಂದು ದೀಪ ಹಿಡಿದು ನೋಡಿದ್ರೆ ಹೆಗಲು ಹರಿದಿತ್ತು. ಹಲ್ಲಲ್ಲ, ಉಗುರಲ್ಲ, ಕುಡುಗೋಲು ಹಾಕಿ ಎಳೆದಂಗೆ, ಮೂಳೆ ಕಾಣಂಗೆ. ಊರಿಗೆ ಕರ್ಕಂಡು ಹೋದ ಮ್ಯಾಲೆ ಕಲ್ಲಮ್ಮನೇ ಅರಿಶಿನ ಹಾಕಿ ಕಟ್ಟಿದ್ದು. ಕೇಳು ಬೇಕಾದ್ರೆ."

ಕಲ್ಲಮ್ಮ ತಲೆ ಎತ್ತದೆ, "ಎರಡು ತಿಂಗಳು ಕೀವು ಸೋರಿತು" ಅಂದಳು.

"ಎರಡು ವರ್ಷ ಹಂಗೇ ನಡೀತು. ಅಷ್ಟರಾಗೆ ಕುರಿಗಳು ಅವನ ಮಾತು ಕೇಳೋದೇ ಬಿಟ್ಟಿದ್ವು. ಎಷ್ಟು ಕೂಗಿದ್ರೂ ತಲೆ ಎತ್ತಲ್ಲ, ನಾನು ಕೂಗಬೇಕು. ಒಂದು ದಿನ ಚನ್ನಗಿರಿ ಆಚೆ ಕಲ್ಲಿನ ಕಣಿವೆಯಾಗೆ, ಎರಡು ಬಂಡೆ ನಡುವೆ ಸಣ್ಣ ದಾರಿ, ಮಂದೆ ನಿಂತುಬಿಡ್ತು. ನಾನು ಹಿಂದಿದ್ದೆ, ಅವನು ಕಣಿವೆಯ ಆ ಕಡೆ ಬಾಯಾಗೆ. ಕೂಗಿದ, ಬೈದ. ಒಂದು ಕುರಿ ಹಿಡಿದು ಬಂಡೆಗೆ ಬಡಿದು ಸಾಯಿಸಿದ. ಅವು ಜಪ್ಪಯ್ಯ ಅನ್ನಲಿಲ್ಲ. ಆಮ್ಯಾಲೆ ಏನು ಮಾಡಿದ ಅಂತೀಯ ಆ ಪಾಪಿ? ನಾಲಿಗೆ ಮಡಚಿ, ತಮ್ಮನ ಕೂಗು ಕೂಗಿದ.

"ಮುನ್ನೂರು ತಲೆ ಒಂದೇ ಸಲ ಎದ್ವು. ನಡೀಲಿಲ್ಲ ಅವ್ವ, ಓಡಿದ್ವು. ಕುರಿ ಅಂದ್ರೆ ಸಾಧು ಅಂತೀವಲ್ಲ? ಸಾಧುನೇ. ಮುಂದಿದ್ದ ಮೂವತ್ತು ಕುರಿ ನಿಲ್ಲಬೋದಿತ್ತು, ನಿಲ್ಲಲಿಲ್ಲ. ಹಿಂದಿನವು ಮುಂದಿನವುಗಳ ಬೆನ್ನು ಹತ್ತಿದ್ವು. ಗೊರಸಿನ ಸದ್ದು, ಅದರೊಳಗೆ ಅವನ ಸದ್ದು, ಆಮ್ಯಾಲೆ ಬರೀ ಗೊರಸಿನ ಸದ್ದು... ಆ ಕಡೆ ಹೋಗಿ ನೋಡಿದ್ರೆ ಮುಖ ಅನ್ನೋದೇ ಇರಲಿಲ್ಲ. ಪಕ್ಕೆ ಒಳಗೆ ಹೋಗಿತ್ತು. ಬಾಯಿ ತೆಗೆದಂಗೇ ಇತ್ತು, ಗಂಟಲ ತನಕ ಉಣ್ಣೆ ತುಂಬಿತ್ತು. ಯಾರು ತುಂಬಿದ್ರು? ಕುರಿಗೆ ಕೈ ಐತೇನು? ಮಂದೆ ಅಲ್ಲೇ ಅವನ ಸುತ್ತ ಮಲಗಿ ಮೆಲುಕು ಹಾಕ್ತಿತ್ತು."

ಮಳೆ ಕಡಿಮೆಯಾಗಿ ತಾಡಪಾಲಿನ ಅಂಚಿನಿಂದ ಹನಿಯತೊಡಗಿತ್ತು. ಗಂಗೋತ್ರಿ ಎದ್ದು ನಿಂತಳು. ದೊಡ್ಡಪ್ಪನ ಸಾವು ಅವಳಿಗೆ ಬೇಕಿರಲಿಲ್ಲ. ಈ ಮುದುಕನ ಮೇಲಿನ ಸಿಟ್ಟಿಗೂ ಈಗ ಪುರುಸೊತ್ತಿರಲಿಲ್ಲ.

"ಮತ್ತಿ ಮರ ಅಂದ್ಯಲ್ಲ. ಯಾವುದು?"

ಉಚ್ಚಂಗೆಪ್ಪ ಗದ್ದ ಎತ್ತಿ ಇಳಿಜಾರಿನ ಮೇಲೆ ಕಪ್ಪಗೆ ನಿಂತಿದ್ದ ಮರವನ್ನು ತೋರಿಸಿದ.

"ನಾಳೆ ಬೆಳಗ್ಗೆ ಪೊಲೀಸರನ್ನ ಕರ್ಕೊಂಡು ಬರ್ತೀನಿ. ಅಗೆಸ್ತೀನಿ. ನೀನು ಈ ಮಾತು ಅವರ ಮುಂದೆ ಹೇಳಬೇಕು."

"ಹೇಳ್ತೀನಿ. ನೇಣು ಹಾಕಿದ್ರೂ ಹೇಳ್ತೀನಿ. ಆದ್ರೆ ಅಗೆದು ಏನು ತಗೀತೀಯ? ಮೂರು ವರ್ಷದ ಕೆಳಗೆ ನಾನೇ ಅಗೆದೆ, ಹಾಡುಹಗಲಾಗೆ. ಮೂಳೆ ತಗಂಡು ಹೋಗಿ ನಿಮ್ಮವ್ವನ ಮುಂದಿಟ್ಟು ಕಾಲಿಗೆ ಬೀಳೋಣ ಅಂತ. ಕಂಬಳಿ ಇತ್ತು. ಗಂಟು ಹಾಕಿದ್ದು ಹಾಕಿದಂಗೇ ಇತ್ತು. ಬಿಚ್ಚಿದೆ... ಒಳಗೆ ಫೋನು. ಮತ್ತೇನಿಲ್ಲ. ಒಂದು ಹಲ್ಲು ಸೈತ ಇಲ್ಲ. ಅವನು ಮಣ್ಣಾಗೆ ಇಲ್ಲ ಗಂಗವ್ವ. ಮಂದೆಯಾಗೆ ಅದಾನೆ."

"ಅಜ್ಜಾ, ಸಾಕು" ಅಂದಳು ಕಲ್ಪನಾ. "ಆ ಕುರಿಗಳಿಗೆ ಏನೋ ಅಭ್ಯಾಸ ಆಗಿರುತ್ತೆ ಅಷ್ಟೇ."

"ಯಾವ ಕುರಿಗಳಿಗೆ, ತಾಯಿ? ಕುರಿ ಎಷ್ಟು ವರ್ಷ ಬದುಕತೈತೆ? ಆಂಜನೇಯನ್ನ ಕಂಡಿದ್ದ ಕುರಿ ಒಂದೂ ಉಳಿದಿಲ್ಲ. ಇವು ಅವುಗಳ ಮಕ್ಕಳು, ಮೊಮ್ಮಕ್ಕಳು. ಹೋದ ತಿಂಗಳು ಹುಟ್ಟಿದ ಮರಿ ಸೈತ ಜಾಗ ಬಿಟ್ಟು ಮಲಗತೈತೆ. ಮೊದಲು ಒಂದು ಜಾಗ ಬಿಡ್ತಿದ್ವು. ಕಣಿವೆಯಿಂದ ಈಚೆಗೆ ಎರಡು. ನಡುವೆ ಮಲಗಿದ ಕುರಿ ಬೆಳಗ್ಗೆ ಏಳಲ್ಲ. ಕುಡುಗೋಲಿನ ಗಾಯ ಈ ಪಕ್ಕೆಗೂ ಇರತೈತೆ, ಆ ಪಕ್ಕೆಗೂ ಇರತೈತೆ. ಹೊಡೆದಾಟ ಇನ್ನೂ ಮುಗಿದಿಲ್ಲ."

ಗಂಗೋತ್ರಿ ಫೋನಿನ ಟಾರ್ಚು ಹಾಕಿ ಹೊರಗೆ ಬಂದಳು. ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡು, ನಡುವೆ ಕೈ ತೂರಿಸಲೂ ಜಾಗವಿಲ್ಲದಂತೆ ಮಲಗಿದ್ದವು. ಬೆಳಕು ಅವುಗಳ ಬೆನ್ನ ಮೇಲೆ ನಿಧಾನವಾಗಿ ಹರಿದು, ಮಂದೆಯ ನಟ್ಟನಡುವೆ ಒಂದು ಕಡೆ ನೆಲಕ್ಕೆ ಇಳಿಯಿತು. ತಲೆಯ ಕಡೆ ದುಂಡಗೆ. ಕಾಲಿನ ಕಡೆ ಸಣ್ಣಗೆ. ಅವಳು ಬಲೆ ಹಿಡಿದುಕೊಂಡು ತುಂಬ ಹೊತ್ತು ನಿಂತಳು. ಅಮ್ಮನಿಗೆ ಏನೆಂದು ಹೇಳುವುದು? ಹೊತ್ತುಕೊಂಡು ಹೋಗಲಾಗದ ಇದನ್ನು ಯಾವ ಕೈಯಲ್ಲಿ ಕೊಡುವುದು?

"ಅಪ್ಪಾ" ಅಂದಳು, ತುಟಿಯೊಳಗೇ.

ಒಂದು ಕುರಿಯೂ ಅಲುಗಲಿಲ್ಲ. ಹಿಂದೆ ಉಚ್ಚಂಗೆಪ್ಪ ಬಂದು ನಿಂತಿದ್ದ.

"ಎರಡು ಅಂದ್ಯಲ್ಲ ಅಜ್ಜ. ಇನ್ನೊಂದೆಲ್ಲಿ?"

ಮುದುಕ ಅವಳ ಮಣಿಕಟ್ಟು ಹಿಡಿದು ಟಾರ್ಚನ್ನು ಎಡಕ್ಕೆ ತಿರುಗಿಸಿದ. ಬಲೆಯ ಅಂಚಿಗೆ, ಅವರ ಟೆಂಟಿನ ಬಟ್ಟೆಗೆ ಒಂದು ಗೇಣು ಅಂತರದಲ್ಲಿ, ಕುರಿಗಳು ಹಿಂದಕ್ಕೆ ಸರಿದು ಜಾಗ ಬಿಟ್ಟಿದ್ದವು. ಒಂದಾಳುದ್ದ. ಆ ಸುತ್ತಿನ ಕುರಿಗಳು ಮಾತ್ರ ಮಲಗಿರಲಿಲ್ಲ, ನಿಂತಿದ್ದವು.

"ನೀನು ಮಧ್ಯಾಹ್ನ ಕಾರಿಂದ ಇಳಿದು ನಿಮ್ಮಪ್ಪನ ಹೆಸರು ಹೇಳಿದ್ಯಲ್ಲ... ಇವತ್ತೇ ಮೊದಲು, ಆ ಎರಡರಾಗೆ ಒಂದು ಎದ್ದು ಈ ಕಡೆ ಬಂದೈತೆ" ಅಂದ ಉಚ್ಚಂಗೆಪ್ಪ. ಅವನ ದನಿ ಈಗ ಕತ್ತಲಿಗೂ ಕೇಳಬಾರದು ಎನ್ನುವಷ್ಟು ಸಣ್ಣದಾಗಿತ್ತು. "ಮಗಳನ್ನ ನೋಡಾಕೆ ಬಂದಾನೆ ಅಂದ್ಕಂಡೆ. ಮಳೆಯಾಗೇ ಎರಡು ಸಲ ಬಲೆ ಸುತ್ತಿ ನೋಡ್ಕಂಡು ಬಂದೆ. ಏನು ಮಾಡ್ಲಿ ಅವ್ವ... ಅಣ್ಣತಮ್ಮ ಇಬ್ರೂ ಒಂದೇ ಎತ್ತರ, ಒಂದೇ ಮೈಕಟ್ಟು. ಇವತ್ತು ನಮ್ಮ ಹತ್ರಾನೇ ಮಲಗ್ರಿ, ಇಬ್ರೂ. ನಿಮ್ಮ ಟೆಂಟಿನ ಪಕ್ಕ ಮಲಗಿರೋದು ಯಾವನು ಅಂತ ನಂಗೆ ಗೊತ್ತಾಗಲಿಲ್ಲ."